ಫ್ರೀಜರ್ ಬಾಕ್ಸ್ ಎಳೆದ ಟ್ರೈಲರ್

ಕೋಣನಕುಂಟೆಯಲ್ಲಿ ನನ್ನ ಭಾವನದು ಶಾಮಿಯಾನದ ಅಂಗಡಿ. ಅಕ್ಕನನ್ನು ಕೊಟ್ಟ ಮೇಲೆ ನಾನೂ ಅಲ್ಲೇ ಸೇರಿಕೊಂಡೆ. ಕುರ್ಚಿ, ಪಾತ್ರೆ ಬಾಡಿಗೆಗೆ ಕೊಡುತ್ತಿದ್ದ ನಾವು ಕೊರೊನಾ ಕಳೆದ ಮೇಲೆ ಒಂದು ಫ್ರೀಜರ್ ಬಾಕ್ಸೂ ತಂದೆವು. ದೂರದಿಂದ ಮಕ್ಕಳು ಬರುವ ತನಕ ಹೆಣವನ್ನು ಮನೆಯಲ್ಲೇ ತಂಪಾಗಿಡುವ, ಗಾಜಿನ ಮುಚ್ಚಳದ ಪೆಟ್ಟಿಗೆ. ಮದುವೆಗೆ ಕುರ್ಚಿ ಹೊರುತ್ತಿದ್ದ ಗೂಡ್ಸ್ ಆಟೋದವರು ಇದನ್ನು ಮಾತ್ರ ಮುಟ್ಟಲಿಲ್ಲ. "ಬೆಳಿಗ್ಗೆ ಬೆಳಿಗ್ಗೆ ಅದನ್ನ ಹಾಕ್ಕೊಂಡ್ರೆ ಬೋಣಿ ಆಗಲ್ಲಣ್ಣ," ಎಂದು ಒಬ್ಬ ಮುಖದ ಮೇಲೇ ಹೇಳಿದ. ಇನ್ನೊಬ್ಬ ನಮ್ಮ ಫೋನೇ ಎತ್ತುತ್ತಿರಲಿಲ್ಲ.

ಭಾವನಿಗೆ ರೇಗಿತು. "ಇವರ ಹಂಗೇ ಬೇಡ ಕಣೋ. ನಾವೇ ಒಂದು ಟ್ರೈಲರ್ ಮಾಡ್ಕೊಳಣ, ನಮ್ ಜೀಪಿಗೆ ಸಿಗಿಸ್ಕೊಂಡು ಹೋದ್ರಾಯ್ತು," ಅಂದರು. ಗುಜರಿಯಿಂದ ಹಳೇ ವ್ಯಾನೊಂದರ ಹಿಂದಿನ ಆಕ್ಸಲ್, ಚಕ್ರ, ಬ್ಲೇಡು ತಂದರು. ಬ್ಲೇಡು ಅಂದರೆ ಲಾರಿಯ ಹೊಟ್ಟೆಯಡಿ ಕಾಣುತ್ತದಲ್ಲ, ಒಂದರ ಮೇಲೊಂದು ಜೋಡಿಸಿ ಬಿಗಿದ ಬಾಗಿದ ಉಕ್ಕಿನ ಪಟ್ಟಿಗಳು, ಅದು. ಅಂಗಡಿ ಹಿಂದಿನ ಖಾಲಿ ಜಾಗದಲ್ಲಿ ಭಾವ ತಾವೇ ಕೂತು ವೆಲ್ಡ್ ಮಾಡಿದರು. ನಾನು ಕಬ್ಬಿಣ ಹಿಡಿದುಕೊಂಡಿದ್ದೆ. ಹಸಿರು ಬಣ್ಣ ಹೊಡೆದು, ಮುಂದೆ ನಿಂಬೆಹಣ್ಣು ಕಟ್ಟಿ, ಅಕ್ಕನಿಂದ ಪೂಜೆ ಮಾಡಿಸಿದರು. ಭಾವ ಅಷ್ಟು ಖುಷಿಯಾಗಿದ್ದುದನ್ನು ನಾನು ಮತ್ತೆ ನೋಡಲಿಲ್ಲ.

ಮೊದಲ ಬಾಡಿಗೆಯಲ್ಲೇ ತಿಳಿಯಿತು. ಒಂದು ವ್ಯಾನ್ ತುಂಬ ಜನರನ್ನು ಹೊರಲು ಮಾಡಿದ ಬ್ಲೇಡಿಗೆ ನಮ್ಮ ಪೆಟ್ಟಿಗೆ ಏನೇನೂ ಭಾರವಲ್ಲ. ಬ್ಲೇಡು ಬಾಗುತ್ತಲೇ ಇರಲಿಲ್ಲ. ರಸ್ತೆಯ ಒಂದೊಂದು ಹಂಪ್‌ಗೂ ಟ್ರೈಲರ್ ಆಡಿನ ಮರಿಯ ಹಾಗೆ ನೆಗೆಯುತ್ತಿತ್ತು. ಪೆಟ್ಟಿಗೆಯ ಅಡಿಯ ತಾಮ್ರದ ಪೈಪು ಆ ಕುಲುಕಾಟಕ್ಕೆ ಸೀಳಿ ಗ್ಯಾಸ್ ಸೋರಿಹೋಯಿತು. ಸದ್ಯ, ಅವತ್ತು ಪೆಟ್ಟಿಗೆ ವಾಪಸ್ ಅಂಗಡಿಗೆ ಬಂದಿತ್ತು. ಫ್ರಿಜ್ ರಿಪೇರಿಯವನು ಬೆಸುಗೆ ಹಾಕಿ ಗ್ಯಾಸ್ ತುಂಬಿದ. ಸ್ವಲ್ಪ ದಿನಕ್ಕೆ ಪೈಪು ಮತ್ತೆ ಸೀಳಿತು.

ಭಾವ ಎರಡೂ ಕಡೆಯಿಂದ ಒಂದಿಷ್ಟು ಪಟ್ಟಿ ಬಿಚ್ಚಿ ತೆಗೆದರು. ಟ್ರೈಲರ್ ಮೆತ್ತಗಾಯಿತು, ಆದರೆ ಎಡಕ್ಕೆ ವಾಲಿತು. ಟೈರು ಮಡ್‌ಗಾರ್ಡಿಗೆ ಉಜ್ಜಿ, ಇಟ್ಟಮಡು ದಾಟುವಷ್ಟರಲ್ಲಿ ರಬ್ಬರ್ ಸುಟ್ಟ ವಾಸನೆ. ಗುಂಡಿಗಿಳಿದಾಗೆಲ್ಲ ಸುತ್ತಿಗೆಯಲ್ಲಿ ಹೊಡೆದಂತೆ ಸದ್ದು.

"ಇದು ಎಲ್ಲಿ ಬಡೀತಿದೆ ಭಾವ?"

"ಅದು ಗೊತ್ತಾಗಿದ್ರೆ ನಾನ್ಯಾಕೋ ಇದರಡಿ ಮಲಗ್ತಿದ್ದೆ?"

ಮಲಗಿ ಮಲಗಿ ಕೊನೆಗೆ ಅವರೇ ಕಂಡುಹಿಡಿದರು. ಭಾರ ಬಿದ್ದರೆ ಬಾಗಿದ ಪಟ್ಟಿ ಚಪ್ಪಟೆಯಾಗಿ ಉದ್ದವಾಗುತ್ತದೆ. ಅದಕ್ಕೆ ಜಾಗ ಕೊಡಲು ಹಿಂದಿನ ತುದಿಯಲ್ಲಿ ಉಯ್ಯಾಲೆಯ ಹಾಗೆ ತೂಗುವ ಕೊಂಡಿ ಇರಬೇಕು. ನಮ್ಮ ಎಡಗಡೆಯ ಕೊಂಡಿ ಚೌಕಟ್ಟಿಗೆ ಒರಗಿ ನಿಂತಿತ್ತು. ತೂಗುವುದಕ್ಕೆ ಜಾಗವೇ ಇರಲಿಲ್ಲ. ಕತ್ತರಿಸಿ, ಹಿಂದಕ್ಕೆ ಸರಿಸಿ, ಮತ್ತೆ ವೆಲ್ಡ್ ಮಾಡಿದೆವು. ಸದ್ದು ನಿಂತಿತು. ಆದರೆ ಬಿಚ್ಚಿ ಜೋಡಿಸುವಾಗ ಆಕ್ಸಲ್ ಕದಲಿ, ಎಡಚಕ್ರ ಬಲಚಕ್ರಕ್ಕಿಂತ ಹಿಂದೆ ಬಿದ್ದು, ಟ್ರೈಲರ್ ಜೀಪಿನ ಹಿಂದೆ ಏಡಿಯಂತೆ ಓರೆಯಾಗಿ ಬರತೊಡಗಿತು. ಆಕ್ಸಲ್ ಸಡಿಲಿಸಿ, ದಾರ ಹಿಡಿದು ಅಳೆದು, ಮತ್ತೆ ಬಿಗಿದೆವು. ಒಂದು ಸರಿಮಾಡಿದರೆ ಇನ್ನೊಂದು ಕೆಡುತ್ತಿತ್ತು. "ಹುಟ್ಟೋವಾಗ್ಲೇ ಸೊಟ್ಟ ಹುಟ್ಟಿದೆ, ಬಿಟ್ಟಾಕ್ರಿ ಅದನ್ನ," ಎಂದು ಅಕ್ಕ ಹೇಳಿದಳು.

ಪೈಪಿಗೆ ಮತ್ತೆ ಬೆಸುಗೆ ಹಾಕಿಸಿ, ಪೆಟ್ಟಿಗೆಯ ಕೆಳಗೆ ಹಾಸಿಗೆಯ ಫೋಮ್ ಹಾಕಿ, ಹಗ್ಗದಿಂದ ಬಿಗಿದು, ಒಂದು ಬೆಳಿಗ್ಗೆ ಜೆ.ಪಿ. ನಗರದ ಮನೆಯೊಂದಕ್ಕೆ ಹೋದೆವು. ವಯಸ್ಸಾದ ತಾಯಿ ತೀರಿಕೊಂಡಿದ್ದರು. ನೋಡಿಕೊಳ್ಳುತ್ತಿದ್ದವರು ಮಗಳು. ಮಗ ಗುವಾಹಟಿಯಲ್ಲಿದ್ದ, ಸಂಜೆಗೆ ಬರುವವನಿದ್ದ. ದಾರಿಯುದ್ದಕ್ಕೂ ಭಾವ ಜೀಪನ್ನು ನಡೆಸಿಕೊಂಡು ಹೋದಂತೆ ಓಡಿಸಿದ್ದರು. ಪೆಟ್ಟಿಗೆ ಶುರುವಾಯಿತು, ಗಾಜು ತಣ್ಣಗಾಯಿತು. ನಾವು ಗೇಟಿನ ಹತ್ತಿರ ಕಾಫಿ ಕುಡಿದೆವು.

ಮಧ್ಯಾಹ್ನದ ಹೊತ್ತಿಗೆ ಆ ಮಗಳು ಹೊರಗೆ ಬಂದರು. "ಅಣ್ಣ, ಸ್ವಲ್ಪ ನೋಡ್ತೀರಾ? ಗಾಜು ಬೆಚ್ಚಗಿದೆ."

ಭಾವ ನೆಲಕ್ಕೆ ಮಂಡಿಯೂರಿ ಪೆಟ್ಟಿಗೆಗೆ ಕಿವಿ ಇಟ್ಟರು. ಮೋಟಾರು ತಿರುಗುತ್ತಿತ್ತು, ತಂಪು ಮಾತ್ರ ಇರಲಿಲ್ಲ. ಅದೇ ಪೈಪು. ಅವರು ನನ್ನ ಮುಖ ನೋಡಿದರು. ನಾನು ಹೊರಗೆ ಬಂದು ಗೊತ್ತಿದ್ದವರಿಗೆಲ್ಲ ಫೋನ್ ಮಾಡಿದೆ. ಯಾರ ಹತ್ತಿರವೂ ಬಾಕ್ಸ್ ಇರಲಿಲ್ಲ. ಬನಶಂಕರಿಯ ಜ್ಯೂಸ್ ಅಂಗಡಿಗಳಿಂದ ಐಸ್ ಗಡ್ಡೆ ತಂದು ಸುತ್ತ ಇಟ್ಟೆವು. ಏಪ್ರಿಲ್ ಬಿಸಿಲು, ಐಸು ಕಣ್ಣೆದುರಿಗೇ ನೀರಾಗುತ್ತಿತ್ತು. ಆಕೆ ಕೂತು ಟವೆಲಿನಿಂದ ಆ ನೀರು ಒರೆಸುತ್ತಿದ್ದರು.

"ಅಮ್ಮನಿಗೆ ಸೆಕೆ ಅಂದ್ರೆ ಆಗ್ತಿರ್ಲಿಲ್ಲ," ಅಂದರು, ಯಾರಿಗೂ ಅಲ್ಲ ಅನ್ನುವಂತೆ.

ನೆಂಟರಲ್ಲಿ ಹಿರಿಯರೊಬ್ಬರು ಇನ್ನು ಕಾಯುವುದು ಬೇಡ ಅಂದರು. ಮಗನಿಗೆ ಫೋನ್ ಹೋಯಿತು. ಅವನು ಆಗಲೇ ವಿಮಾನದಲ್ಲಿದ್ದ, ಸಿಗಲಿಲ್ಲ. ನಾಲ್ಕು ಗಂಟೆಗೆ ಚಿತಾಗಾರಕ್ಕೆ ಒಯ್ದರು.

ನಾವು ಪೆಟ್ಟಿಗೆ ತೊಳೆದು ಟ್ರೈಲರಿಗೆ ಏರಿಸುತ್ತಿದ್ದಾಗ ಟ್ಯಾಕ್ಸಿ ಬಂತು. ಮಗ ಬೆನ್ನಿಗೆ ಬ್ಯಾಗು ಹಾಕಿಕೊಂಡು ಇಳಿದ. ಅಂಗಳದಲ್ಲಿ ನಾವಿಬ್ಬರೇ. ಪೆಟ್ಟಿಗೆಯನ್ನು ನೋಡಿದ, ಖಾಲಿ. "ಎಲ್ಲಿ?" ಅಂದ. ಭಾವ ಬಗ್ಗಿ ಹಗ್ಗ ಬಿಗಿಯತೊಡಗಿದರು. ನಾನೇ ಹೇಳಿದೆ. ಅವನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅದೇ ಟ್ಯಾಕ್ಸಿ ಹತ್ತಿ ಹೋದ. ಬೂದಿ ಹೊರತು ಅಲ್ಲಿ ಅವನಿಗೇನೂ ಸಿಗದು ಎಂದು ನಮ್ಮಿಬ್ಬರಿಗೂ ಗೊತ್ತಿತ್ತು.

ಮಾರನೇ ದಿನ ಎದ್ದು ನೋಡಿದರೆ ಭಾವ ಟ್ರೈಲರಿಗೆ ಜಾಕ್ ಕೊಟ್ಟು, ಮತ್ತೆ ಬ್ಲೇಡು ಬಿಚ್ಚುತ್ತಿದ್ದರು. "ಬೇರೆ ವ್ಯಾನಿಂದು ಹಾಕಿ ನೋಡಣ," ಅಂದರು. ಹಾಕಿದರು. ಮತ್ತೆ ವಾಲಿತು, ಈ ಸಲ ಬಲಕ್ಕೆ. ಬಿಚ್ಚಿದರು. ಮಳೆಗಾಲ ಪೂರ್ತಿ ಹೀಗೇ ನಡೆಯಿತು. ಬೇಡ ಎನ್ನುವ ಧೈರ್ಯ ನನಗಿರಲಿಲ್ಲ, ಸರಿಹೋಗುತ್ತದೆ ಎಂಬ ನಂಬಿಕೆ ಅವರಿಗೂ ಇದ್ದಂತೆ ಕಾಣಲಿಲ್ಲ. ಕೈಗೆ ಸ್ಪ್ಯಾನರ್ ಬೇಕಿತ್ತು, ಅಷ್ಟೇ.

ಈಗಲೂ ಸಾವಿನ ಮನೆಗಳಿಂದ ಫೋನ್ ಬರುತ್ತದೆ. "ಬಾಕ್ಸ್ ಖಾಲಿ ಇಲ್ಲ ಸಾರ್," ಎಂದು ಭಾವ ಮೆಲ್ಲಗೆ ಹೇಳಿ ಫೋನ್ ಇಡುತ್ತಾರೆ. ಪೆಟ್ಟಿಗೆ ಅಂಗಡಿಯ ಹಿಂದೆ, ಟ್ರೈಲರಿನ ಪಕ್ಕ ಖಾಲಿ ಬಿದ್ದಿರುತ್ತದೆ.