ಒಳಗೆ ಬಿಟ್ಟ ಬಟ್ಟೆ

ಗಿರಿಜಕ್ಕ ಯಾರನ್ನು ಮಾತಾಡಿಸುವಾಗಲೂ ಅವರ ಮುಖ ನೋಡುತ್ತಿರಲಿಲ್ಲ. ಅವಳ ಕಣ್ಣು ಮೊದಲು ಹೆಗಲಿಗೆ ಹೋಗುತ್ತಿತ್ತು, ಅಲ್ಲಿಂದ ಕಂಕುಳಿಗೆ, ಆಮೇಲೆ ಸೊಂಟಕ್ಕೆ. ಅಷ್ಟು ನೋಡಿ ಮುಗಿಸಿದ ಮೇಲೆ, ಬೇಕೆನಿಸಿದರೆ ಮುಖ. ನಾನು ಮೊದಲ ಸಲ ಅವಳ ಅಂಗಡಿಗೆ ಹೋಗಿ, ಹೈಸ್ಕೂಲಿಗೆ ಹೊಸದಾಗಿ ಬಂದ ಇಂಗ್ಲಿಷ್ ಟೀಚರ್ ಎಂದು ಪರಿಚಯ ಹೇಳಿಕೊಂಡರೆ, ನನ್ನ ಬಲತೋಳನ್ನೇ ನೋಡುತ್ತ, "ಬೋರ್ಡಿನ ಮೇಲೆ ಸುಮಾರು ಬರೀತೀರಿ ಅನ್ಸುತ್ತೆ. ಬಲಗಡೆ ಕಂಕುಳ ಹೊಲಿಗೆ ಬಿಟ್ಕೊಂಡಿದೆ," ಎಂದಳು. ನನಗೆ ಸಿಟ್ಟು ಬಂತು. ಹೊಲಿಗೆ ಬಿಟ್ಟುಕೊಂಡಿದ್ದೂ ನಿಜವಾಗಿತ್ತು.

ನರಸಿಂಹರಾಜಪುರದ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ, ಮೊಬೈಲ್ ರಿಪೇರಿ ಅಂಗಡಿಗೂ ಗೊಬ್ಬರದ ಅಂಗಡಿಗೂ ನಡುವೆ ಸಿಕ್ಕಿಕೊಂಡಿದ್ದ ಹತ್ತಡಿ ಜಾಗ ಅವಳದು. ಹಣೆಯಲ್ಲಿ ವಿಭೂತಿ, ಕೊರಳಲ್ಲಿ ಟೇಪು, ತುಟಿಗಳ ನಡುವೆ ಎರಡು ಗುಂಡುಪಿನ್ನು. ಪಿನ್ನು ಕಚ್ಚಿಕೊಂಡೇ ಮಾತಾಡುತ್ತಿದ್ದರಿಂದ ಅವಳ ಮಾತುಗಳೆಲ್ಲ ಗಿಡ್ಡ. ಗಂಡ ತೀರಿಕೊಂಡ ಮೇಲೆ ಹೊಲಿಗೆಯಲ್ಲೇ ಮಗಳನ್ನು ಓದಿಸಿ ಶೃಂಗೇರಿಗೆ ಮದುವೆ ಮಾಡಿಕೊಟ್ಟಿದ್ದಳು. ನಾನು ಎದುರಿಗೆ ಅವಳನ್ನು ಬಹುವಚನದಲ್ಲೇ ಮಾತಾಡಿಸುತ್ತಿದ್ದೆ. ಮನಸ್ಸಿನಲ್ಲಿ ಮಾತ್ರ ಅವಳು ಬಹಳ ಬೇಗ ಏಕವಚನಕ್ಕೆ ಇಳಿದುಬಿಟ್ಟಿದ್ದಳು.

ಹಿಂದಿನ ಗೋಡೆಯ ಕಪಾಟಿನ ತುಂಬ ಊರ ಹೆಂಗಸರ ಅಳತೆ ರವಿಕೆಗಳು, ಒಂದೊಂದಕ್ಕೂ ಹೆಸರಿನ ಚೀಟಿ. ಮೈಗೆ ಸರಿಯಾಗಿ ಕೂರುವ ಒಂದು ರವಿಕೆಯನ್ನು ದರ್ಜಿಯ ಹತ್ತಿರ ಬಿಟ್ಟುಹೋಗುವುದು, ಮುಂದಿನದನ್ನೆಲ್ಲ ಅದನ್ನು ನೋಡಿ ಹೊಲಿಯುವುದು ಎಲ್ಲ ಕಡೆ ಇರುವ ರೂಢಿಯೇ. ಗಿರಿಜಕ್ಕ ಮಾತ್ರ ಅದನ್ನು ಮಾತು ಕೊಟ್ಟ ಹಾಗೆ ಎಂದು ತಿಳಿದಿದ್ದಳು. "ಅಳತೆ ಬ್ಲೌಸ್ ಬಿಟ್ಟು ಹೋದೋಳು ಮತ್ತೆ ಬರ್ತಾಳೆ. ವಾಪಸ್ ಕೇಳಿದ್ಲು ಅಂದ್ರೆ ಇನ್ನು ಬರಲ್ಲ ಅಂತ." ಬೇರೆ ದರ್ಜಿಯನ್ನು ಹಿಡಿದಿದ್ದ ಹೆಂಗಸರು ಅದನ್ನು ಕೇಳುವ ಧೈರ್ಯ ಸಾಲದೆ, ಅವಳ ಅಂಗಡಿ ದಾಟುವಾಗ ಬಿಸಿಲಿಲ್ಲದಿದ್ದರೂ ಕೊಡೆ ಅಡ್ಡ ಹಿಡಿದು ಹೋಗುತ್ತಿದ್ದರು. ಗಿರಿಜಕ್ಕ ಕೊಡೆಯ ಕೆಳಗಿನ ಸೊಂಟ ನೋಡಿಯೇ ಯಾರೆಂದು ಹೇಳುತ್ತಿದ್ದಳು.

ಆ ಕಪಾಟಿನ ಮೇಲೆ ಒಂದು ಚಿತ್ರ ಇತ್ತು. ಭಂಡಿಗಡಿಯ ಕಡೆ ಒಂದು ಎಸ್ಟೇಟ್ ಬಂಗಲೆಗೆ ಪರದೆ ಹೊಲಿಯಲು ಹೋಗಿದ್ದಾಗ, ಹೊಸದಾಗಿ ಬಂದವರು ಹಳೆಯ ಸಾಮಾನಿನ ಜೊತೆ ಅದನ್ನೂ ಹೊರಗಿಟ್ಟಿದ್ದರಂತೆ. ಕೇಳಿ ತಂದಿದ್ದಳು. ಕೊಪ್ಪದಲ್ಲಿ ಬಸ್ ಬದಲಿಸುವಾಗ ಕಂಡಕ್ಟರು ಚಿತ್ರದೊಳಗಿನ ಹೆಂಗಸನ್ನು ತೋರಿಸಿ, "ಈಯಮ್ಮಂಗೂ ಒಂದು ಟಿಕೆಟ್ ತಗಳಿ," ಎಂದು ತಮಾಷೆ ಮಾಡಿದ್ದನಂತೆ. ಸಮುದ್ರದ ದಂಡೆ, ಬಂಡೆಗಳು, ಬಂಡೆಯ ಮೇಲೆ ಒಬ್ಬಳೇ ನಿಂತಿರುವ ಬಿಳಿಯರ ಹೆಂಗಸು. ಕೆನೆಬಣ್ಣದ, ಪಾದ ಮುಚ್ಚುವಷ್ಟು ಉದ್ದದ ಉಡುಪು, ಕತ್ತಿನವರೆಗೆ ಗುಂಡಿ, ಬಿಗಿದ ಸೊಂಟ, ರಿಬ್ಬನ್ ಕಟ್ಟಿದ ಟೊಪ್ಪಿ. ಒಂದು ಕೈಯಲ್ಲಿ ಲಂಗದ ಮುಂಭಾಗ ಹಿಡಿದಿದ್ದಾಳೆ. ಮುಖ ಅರ್ಧ ಮಾತ್ರ ಕಾಣುತ್ತದೆ. ದೂರದ ಮೂಲೆಯಲ್ಲಿ ಉಗುರಿನಷ್ಟು ಒಂದು ಹಾಯಿ.

ಇಂಗ್ಲಿಷ್ ಎಂ.ಎ. ಮಾಡಿದವಳ ಎದುರು ಇಂಥ ಚಿತ್ರ ತೂಗುಹಾಕಿದರೆ ಅವಳು ಸುಮ್ಮನಿರುತ್ತಾಳೆಯೆ? ವಿಕ್ಟೋರಿಯಾ ರಾಣಿಯ ಕಾಲದ ಶೈಲಿ ಇದು, ಆಗ ಗಂಡಸರು ಹಡಗು ಹತ್ತಿ ಹೋಗುತ್ತಿದ್ದರು, ಹೆಂಗಸರು ದಂಡೆಯಲ್ಲಿ ಕಾಯುತ್ತಿದ್ದರು, ಆ ಹಾಯಿ ಅವಳ ಆಸೆಯ ಸಂಕೇತ ಎಂದು ನಾನು ಅರ್ಧ ಗಂಟೆ ಪಾಠ ಮಾಡಿದೆ. ಗಿರಿಜಕ್ಕ ಒಂದು ತೋಳು ಹೊಲಿದು ಮುಗಿಸಿ, ದಾರ ಕಡಿದು, ಹೇಳಿದಳು.

"ನೀವು ದೋಣಿ ನೋಡಿದ್ರಿ ಟೀಚರ್. ನಾನು ಸೊಂಟ ನೋಡ್ದೆ. ಇದನ್ನ ಹೊಲಿಸ್ದಾಗ ಇವಳು ಇನ್ನೂ ದಪ್ಪ ಇದ್ಲು. ಆಮೇಲೆ ಪಕ್ಕದಲ್ಲಿ ಹಿಡಿದು ಒಳಗೆ ಹಾಕಿದಾರೆ. ಗೆರೆ ಸೊಟ್ಟ ಬಂದಿದೆ ನೋಡಿ."

ಸ್ಟೂಲು ಹತ್ತಿ ನೋಡಿದೆ. ಪಕ್ಕದ ಗೆರೆ ನಿಜಕ್ಕೂ ಕಂಕುಳ ಕೆಳಗೆ ಒಂದಿಷ್ಟು ವಾಲಿತ್ತು. ಚಿತ್ರಕಾರನ ಕೈ ತಪ್ಪಿರಬಹುದು ಎಂದೆ. "ಇಷ್ಟೆಲ್ಲ ಚೆಂದ ಬರೆದೋನಿಗೆ ಅಲ್ಲೊಂದು ಕಡೆ ಮಾತ್ರ ಕೈ ತಪ್ತಾ?" ಎಂದು ಮತ್ತೆ ಪಿನ್ನು ಕಚ್ಚಿಕೊಂಡಳು. ನಾನು ಸ್ಟೂಲಿನಿಂದ ಇಳಿದೆ.

ಮರುವರ್ಷ ನನ್ನ ತಂಗಿ ಸುಮಿತ್ರ ಕೊಪ್ಪದ ಗಂಡನ ಮನೆಯಿಂದ ಒಂದು ಚೀಲ ಹಿಡಿದು ನನ್ನ ಬಾಡಿಗೆ ಮನೆಗೆ ಬಂದಳು. ಅವಳ ಗಂಡ ಬೇರೊಬ್ಬಳ ಜೊತೆ ಸಂಸಾರ ಹೂಡಿದ್ದ. ಬಂದವಳು ಅಳಲಿಲ್ಲ, ಬೈಯಲಿಲ್ಲ. ಊಟದ ತಟ್ಟೆ ಮುಂದಿಟ್ಟುಕೊಂಡು ಕೂರುತ್ತಿದ್ದಳು, ಸಂಜೆಯಾದರೆ ಹಿನ್ನೀರಿನ ಕಡೆ ನಡೆದುಹೋಗಿ ನಿಲ್ಲುತ್ತಿದ್ದಳು. ಭದ್ರೆಯ ಹಿನ್ನೀರು ನಮ್ಮ ಮನೆಯಿಂದ ಆಟೋದಲ್ಲಿ ಐದು ನಿಮಿಷ. ನಾನು ಮಾಡಿದ್ದೇನೆಂದರೆ ಉಪದೇಶ. ಗಟ್ಟಿಯಾಗಿರು, ಪುಸ್ತಕ ಓದು, ಅವನನ್ನು ಮರೆತುಬಿಡು. ಶಾಲೆಯಲ್ಲಿ ಮಕ್ಕಳ ತಲೆ ತಿಂದು ಬಂದು ಮನೆಯಲ್ಲಿ ಅವಳ ತಲೆ ತಿನ್ನುತ್ತಿದ್ದೆ. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಏನಾದರೂ ಕೆಲಸ ಕಲಿಯಲಿ ಎಂದು ಗಿರಿಜಕ್ಕನ ಅಂಗಡಿಗೆ ಕರೆದುಕೊಂಡು ಹೋದೆ. ಸುಮಿತ್ರ ಬೆಂಚಿನ ಮೇಲೆ ಕೂತು ಬಹಳ ಹೊತ್ತು ಚಿತ್ರ ನೋಡಿದಳು. ನಾನು ಹಳೆಯ ಪಾಠ ಶುರುಮಾಡಿದೆ: ಅವಳು ಗಂಡನಿಗಾಗಿ ಕಾಯುತ್ತಿದ್ದಾಳೆ...

"ಯಾರನ್ನೂ ಕಾಯ್ತಿಲ್ಲ ಅವಳು," ಎಂದಳು ಸುಮಿತ್ರ. ನಾಲ್ಕು ದಿನದಲ್ಲಿ ಅದು ಅವಳ ಮೊದಲ ಮಾತು. "ನೀರಿಗೆ ಇಳಿಯೋಕೆ ನಿಂತಿದಾಳೆ."

ಮಷಿನ್ನು ನಿಂತಿತು. ಗಿರಿಜಕ್ಕ ಬಾಯಿಂದ ಪಿನ್ನುಗಳನ್ನು ತೆಗೆದು ಮೇಜಿನ ಮೇಲಿಟ್ಟಳು. ಅವಳು ಹಾಗೆ ಮಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಅಲ್ಲ ಕಣೆ ಹುಡುಗಿ. ಲಂಗ ಎತ್ತಿ ಹಿಡಿದಿದಾಳೆ ನೋಡು. ಒದ್ದೆ ಆಗ್ತದೆ ಅಂತ ಎತ್ತಿ ಹಿಡಿಯೋಳು ವಾಪಸ್ ಮನೆಗೆ ಹೋಗೋಳು. ಒದ್ದೆ ಬಟ್ಟೆ ಒಣಗಿಸೋದು ಹೆಂಗೆ ಅಂತ ಯೋಚನೆ ಇದೆ ಅಂದ್ರೆ ಅವಳಿಗೆ ನಾಳೆ ಇದೆ ಅಂತ ಅರ್ಥ."

"ಗಾಳಿಗೆ ಹಾರ್ತದೆ ಅಂತ ಹಿಡಿದಿರಬಹುದು," ಎಂದಳು ಸುಮಿತ್ರ.

ಗಿರಿಜಕ್ಕ ಎದ್ದು ಬಂದು ಸುಮಿತ್ರಳ ರವಿಕೆಯ ಪಕ್ಕವನ್ನು ಎರಡು ಬೆರಳಲ್ಲಿ ಹಿಡಿದು ನೋಡಿದಳು. ಹಿಡಿಯಷ್ಟು ಬಟ್ಟೆ ಸಡಿಲ ಬಂತು. "ಒಂದು ಅಳತೆ ಬ್ಲೌಸ್ ತಂದ್ಕೊಡು. ಸರಿ ಮಾಡ್ತೀನಿ," ಎಂದಳು. ಮರುದಿನ ಸುಮಿತ್ರ ತಂದುಕೊಟ್ಟ ನೀಲಿ ರವಿಕೆಯನ್ನು ಅವಳ ಕಣ್ಣೆದುರೇ ಎರಡೂ ಕಡೆ ಹಿಡಿದು ಹೊಲಿದಳು. ಒಳಗೆ ಉಳಿದ ಬಟ್ಟೆಯನ್ನು ಕತ್ತರಿಸಲು ನಾನು ಕತ್ತರಿ ಕೊಡಹೋದರೆ ಕೈ ಅಡ್ಡ ಹಿಡಿದಳು. "ಕತ್ತರಿಸಬಾರ್ದು ಟೀಚರ್. ಒಳಗೇ ಇರಲಿ. ಮುಂದೆ ಬೇಕಾಗ್ತದೆ."

ಆಮೇಲೆ ಸುಮಿತ್ರ ದಿನಾ ಅಂಗಡಿಗೆ ಹೋಗಿ ಹುಕ್ಕು ಹಚ್ಚತೊಡಗಿದಳು. ಬದುಕಿತು ಬಡಜೀವ ಎಂದು ನಾನು ನಿಟ್ಟುಸಿರು ಬಿಟ್ಟೆ. ಉಪದೇಶ ಕಡಿಮೆ ಮಾಡಿದ್ದೆ, ಗಮನವನ್ನೂ ಕಡಿಮೆ ಮಾಡಿದ್ದೆ.

ಮಳೆಗಾಲ ಮುಗಿದು ಹಿನ್ನೀರು ತುಂಬಿ ನಿಂತಿದ್ದ ದಿನಗಳು. ಮಧ್ಯಾಹ್ನದ ಮೇಲೆ ಒಂಬತ್ತನೇ ಕ್ಲಾಸಿಗೆ ಪಾಠ ಮಾಡುತ್ತಿದ್ದೆ. ಬಾಗಿಲಲ್ಲಿ ಗಿರಿಜಕ್ಕ ನಿಂತಿದ್ದಳು. ಕೊರಳಲ್ಲಿ ಟೇಪು ಹಾಗೇ ಇತ್ತು. ಗಿರಾಕಿ ಕಾಯುತ್ತಿದ್ದರೆ ಊಟಕ್ಕೂ ಏಳದವಳು ಅಂಗಡಿ ಬಿಟ್ಟು ಶಾಲೆಯವರೆಗೆ ಬಂದಿದ್ದಳು. ಆ ದಿನ ಅವಳು ನೋಡಿದ್ದು ನನ್ನ ಮುಖವನ್ನು.

"ಸುಮಿತ್ರ ಅಳತೆ ಬ್ಲೌಸ್ ಕೇಳಿ ಇಸ್ಕೊಂಡು ಹೋದ್ಲು," ಎಂದಳು. "ಎಂತಕ್ಕೆ ಅಂದ್ರೆ ಸುಮ್ನೆ ಅಂದ್ಲು. ನಾನು ಹುಡುಕಿ, ಮಡಚಿ, ಕೈಗೆ ಕೊಟ್ಟೆ. ನಾನೇ ಕೊಟ್ಟೆ ಟೀಚರ್. ಆಮೇಲೆ ಹೊಳೀತು."

ನನಗೂ ಹೊಳೆಯಿತು. ಕೈಯಲ್ಲಿದ್ದ ಚಾಕ್‌ಪೀಸನ್ನು ಎಲ್ಲಿ ಬಿಟ್ಟೆನೋ ಗೊತ್ತಿಲ್ಲ. ಆಟೋ ಹಿಡಿದು ಮನೆಗೆ ಹೋದೆವು. ಬೀಗ ಹಾಕಿತ್ತು, ಕೀ ತುಳಸಿಯ ಕುಂಡದ ಹಿಂದೆ ಇತ್ತು. ಒಳಗೆ ಅನ್ನ ಮಾಡಿ ಮುಚ್ಚಿಟ್ಟಿದ್ದಳು. ಪಾತ್ರೆ ತೊಳೆದು ಬೋರಲು ಹಾಕಿದ್ದಳು. ನನ್ನ ಸೀರೆಗಳನ್ನೆಲ್ಲ ಇಸ್ತ್ರಿ ಮಾಡಿ ಮಂಚದ ಮೇಲೆ ಜೋಡಿಸಿದ್ದಳು. ಮೊಬೈಲು ಅವುಗಳ ಮೇಲಿತ್ತು. ಮನೆ ಅಷ್ಟು ಅಚ್ಚುಕಟ್ಟಾಗಿದ್ದುದನ್ನು ಕಂಡು ನಾನು ಮಂಚದ ಪಕ್ಕದಲ್ಲೇ ನಿಂತುಬಿಟ್ಟೆ. ಗಿರಿಜಕ್ಕ ನನ್ನ ರಟ್ಟೆ ಹಿಡಿದು ಮತ್ತೆ ಆಟೋಗೆ ಹತ್ತಿಸಿದಳು.

ಹಿನ್ನೀರಿನ ದಂಡೆಯಲ್ಲಿ ಒಂದು ಹಳೆಯ ಟಾರು ರಸ್ತೆ ಇದೆ. ಅಣೆಕಟ್ಟಿಗೆ ಮೊದಲು ಯಾವುದೋ ಊರಿಗೆ ಹೋಗುತ್ತಿದ್ದ ರಸ್ತೆ, ಈಗ ನೇರ ನೀರೊಳಗೆ ಇಳಿದು ಕಾಣದಾಗುತ್ತದೆ. ಆ ರಸ್ತೆಯ ಮೇಲೆ, ಮೊಣಕಾಲಿನವರೆಗಿನ ನೀರಿನಲ್ಲಿ, ನಮಗೆ ಬೆನ್ನು ಮಾಡಿ ಸುಮಿತ್ರ ನಿಂತಿದ್ದಳು. ನಾನು ಕೂಗಲು ಬಾಯಿ ತೆರೆದೆ.

"ಕೂಗಬೇಡಿ," ಎಂದು ಗಿರಿಜಕ್ಕ ನನ್ನ ಬಾಯಿಗೆ ಅಂಗೈ ಇಟ್ಟಳು.

ಇಬ್ಬರೂ ನೋಡಿದ್ದು ಒಂದನ್ನೇ. ಸುಮಿತ್ರಳ ಒಂದು ಕೈಯಲ್ಲಿ ನೀಲಿ ರವಿಕೆ ಇತ್ತು. ಇನ್ನೊಂದು ಕೈ ಸುಮ್ಮನೆ ಇಳಿಬಿದ್ದಿತ್ತು. ಸೀರೆಯ ನೆರಿಗೆಗಳನ್ನು ಅವಳು ಎತ್ತಿ ಹಿಡಿದಿರಲಿಲ್ಲ. ಅವು ನೀರಿನಲ್ಲಿ ಹರಡಿ ತೇಲುತ್ತಿದ್ದವು. ಗಿರಿಜಕ್ಕನ ಅಂಗೈ ನನ್ನ ಬಾಯಿಯ ಮೇಲೆಯೇ ತಣ್ಣಗಾದದ್ದು ನನಗೆ ಗೊತ್ತಾಯಿತು. ಅವಳು ಅಂಗಡಿಯಲ್ಲಿ ಅಷ್ಟು ಖಚಿತವಾಗಿ ಹೇಳಿದ್ದ ಮಾತು ಈಗ ಅವಳ ಎದುರೇ ತಿರುಗಿ ನಿಂತಿತ್ತು. ಆಚೆ ಸುಮಿತ್ರ ಇನ್ನೊಂದು ಹೆಜ್ಜೆ ಮುಂದಿಟ್ಟಳು.

ಆಗ ಗಿರಿಜಕ್ಕ ಮಾತಾಡಿದಳು. ಅಂಗಡಿಯಲ್ಲಿ ದಿನಾ ಗೊಣಗುತ್ತಿದ್ದಳಲ್ಲ, ಅದೇ ಸ್ವರದಲ್ಲಿ.

"ಎಂತ ಮಾರಾಯ್ತಿ ನೀನು. ಅಳತೆ ಬ್ಲೌಸ್ ತಗೊಂಡು ಬಂದ್ಬಿಟ್ಟಿದೀಯ. ನಾನು ಅಲ್ಲಿ ಬಟ್ಟೆ ಕತ್ತರಿಸಿ ಕೂತಿದೀನಿ."

ಸುಮಿತ್ರ ನಿಂತಳು. ತಿರುಗಲಿಲ್ಲ. ನೀರಿನ ಕಡೆಗೇ ನೋಡುತ್ತ, "ನಾನು ಬಟ್ಟೆ ಕೊಟ್ಟೇ ಇಲ್ವಲ್ಲ ಅಕ್ಕ," ಎಂದಳು.

"ನಾನೇ ತಂದಿದ್ದು. ಹಸಿರು. ಬೆನ್ನು, ಎದೆ ಎಲ್ಲ ಆತು. ತೋಳು ಎಷ್ಟು ಇಡಬೇಕು ಅಂತ ಗೊತ್ತಾಗ್ತಿಲ್ಲ. ಅಷ್ಟು ದೂರದಿಂದ ಬಂದಿದೀನಿ, ಮೊಣಕಾಲು ನೋಯ್ತದೆ. ತಂದು ಕೊಡು ಇಲ್ಲಿ."

ಆಟೋದವನು ಇಂಜಿನ್ ಆರಿಸಿದ್ದು ಕೇಳಿಸಿತು. ಆಮೇಲೆ ಸುಮಿತ್ರ ತಿರುಗಿದಳು. ಮುಳುಗಿದ ಟಾರಿನ ಮೇಲೆ ಪಾಚಿ ಕಟ್ಟಿತ್ತು, ಕಾಲು ಜಾರುತ್ತಿತ್ತು. ಅವಳು ಬಗ್ಗಿ, ಎಡಗೈಯಲ್ಲಿ ನೆರಿಗೆಗಳನ್ನು ಒಟ್ಟುಮಾಡಿ ಮೇಲೆತ್ತಿ ಹಿಡಿದು, ನಮ್ಮ ಕಡೆ ಒಂದೊಂದೇ ಹೆಜ್ಜೆ ಇಡುತ್ತ ಬಂದಳು.

ಅದನ್ನು ನೋಡಿದ್ದೇ ಗಿರಿಜಕ್ಕ ನಿಂತಲ್ಲೇ ಮಣ್ಣಿನ ಮೇಲೆ ಕುಸಿದು ಕೂತುಬಿಟ್ಟಳು. ಸುಮಿತ್ರ ಹತ್ತಿರ ಬಂದು ರವಿಕೆ ಕೊಟ್ಟಾಗ ಅದನ್ನು ಇಸಿದುಕೊಂಡು ಎದೆಗೆ ಒತ್ತಿಕೊಂಡಳೇ ಹೊರತು ಏಳಲಾಗಲಿಲ್ಲ. ನಾವಿಬ್ಬರೂ ಸೇರಿ ಅವಳನ್ನು ಎಬ್ಬಿಸಿದೆವು.

ಹಸಿರು ಬಟ್ಟೆ ಸುಳ್ಳು ಎಂದು ಮೂವರಿಗೂ ಗೊತ್ತಿತ್ತು. ಆದರೂ ಗಿರಿಜಕ್ಕ ದಾರಿಯಲ್ಲಿ ಆಟೋ ನಿಲ್ಲಿಸಿ, ಅಂಗಡಿಯೊಂದಕ್ಕೆ ಹೋಗಿ, ಹಸಿರು ಬಟ್ಟೆ ಹರಿಸಿಕೊಂಡು ಬಂದಳು. ಮಾರನೆಯ ವಾರ ಸುಮಿತ್ರಳನ್ನು ಶಿವಮೊಗ್ಗದ ಡಾಕ್ಟರಿಗೆ ತೋರಿಸಿದೆವು. ಅವಳು ಮಾತ್ರೆ ನುಂಗುತ್ತ, ಅಳುತ್ತ, ಒಮ್ಮೊಮ್ಮೆ ನನ್ನ ಮೇಲೆ ರೇಗುತ್ತ ಸುಧಾರಿಸಿಕೊಳ್ಳಲು ಎರಡು ವರ್ಷ ಹಿಡಿಯಿತು. ಅವಳು ಮೊದಲ ಸಲ ರೇಗಿದ ದಿನ ನಾನು ಒಳಗೆ ಹೋಗಿ ಸಂತೋಷಕ್ಕೆ ಅತ್ತೆ. ಆ ದಿನಗಳಲ್ಲಿ ಗಿರಿಜಕ್ಕ ಚಿತ್ರದ ಬಗ್ಗೆ ಒಂದು ಮಾತೂ ಆಡಲಿಲ್ಲ. ನಾನೂ ಪಾಠ ನಿಲ್ಲಿಸಿದೆ.

ಕಣ್ಣು ಮಂಜಾಗಿ, ಸೂಜಿಗೆ ದಾರ ಪೋಣಿಸಲಾರದ ದಿನ ಬಂದಾಗ ಗಿರಿಜಕ್ಕ ಅಂಗಡಿಯನ್ನೂ ಮಷಿನ್ನನ್ನೂ ಚಿತ್ರವನ್ನೂ ಸುಮಿತ್ರಳಿಗೆ ಬಿಟ್ಟು ಶೃಂಗೇರಿಗೆ, ಮಗಳ ಮನೆಗೆ ಹೊರಟಳು. ಹೋಗುವ ಮೊದಲು ಕಪಾಟು ಖಾಲಿ ಮಾಡಿ, ಅಳತೆ ರವಿಕೆಗಳನ್ನು ಮನೆಮನೆಗೆ ತಲುಪಿಸಿದಳು. ಕೊಡೆ ಅಡ್ಡ ಹಿಡಿಯುತ್ತಿದ್ದವರ ಮನೆಗೂ ಹೋದಳು. ನಮ್ಮ ಮನೆಗೆ ಬಂದು ನನ್ನದನ್ನು ಕೊಟ್ಟಳು.

"ನಂದು?" ಎಂದಳು ಸುಮಿತ್ರ.

"ನಿಂದು ಕೊಡಲ್ಲ. ನಿನ್ನ ಬ್ಲೌಸು ನಾನೇ ಹೊಲಿಯೋದು. ಬೇಕು ಅಂದ್ರೆ ಶೃಂಗೇರಿಗೆ ಬಾ."

ಊರಿಗೆಲ್ಲ ರವಿಕೆ ಹೊಲಿಯುವ ಸುಮಿತ್ರ ತನ್ನದನ್ನು ಹೊಲಿಸಿಕೊಳ್ಳಲು ವರ್ಷಕ್ಕೊಮ್ಮೆ ಬಸ್ ಹತ್ತಿ ಶೃಂಗೇರಿಗೆ ಹೋಗುತ್ತಿದ್ದಳು. ಒಮ್ಮೊಮ್ಮೆ ನಾನೂ ಜೊತೆಗಿರುತ್ತಿದ್ದೆ. ಗಿರಿಜಕ್ಕನಿಗೆ ಆಗ ಮುಖಗಳು ಕಾಣುತ್ತಿರಲಿಲ್ಲ. ಅದರಿಂದ ಅವಳಿಗೇನೂ ತೊಂದರೆಯಾದಂತೆ ಕಾಣಲಿಲ್ಲ. ಸುಮಿತ್ರಳ ಪಕ್ಕವನ್ನು ಎರಡು ಬೆರಳಲ್ಲಿ ಹಿಡಿದು ನೋಡಿ, "ಹೂಂ," ಎನ್ನುತ್ತಿದ್ದಳು. ಸೂಜಿಗೆ ಮೊಮ್ಮಗಳು ದಾರ ಪೋಣಿಸಿಕೊಡುತ್ತಿದ್ದಳು. ಆ ರವಿಕೆಗಳ ಹೊಲಿಗೆ ಅಲ್ಲಲ್ಲಿ ಸೊಟ್ಟ. ಸುಮಿತ್ರ ಅವನ್ನೇ ಹಬ್ಬಕ್ಕೆ ತೊಡುತ್ತಿದ್ದಳು.

ಕಳೆದ ಮಳೆಗಾಲದಲ್ಲಿ ಗಿರಿಜಕ್ಕ ತೀರಿಕೊಂಡಳು. ಕಾರ್ಯ ಮುಗಿಸಿ ಹೊರಟಾಗ ಅವಳ ಮಗಳು ಒಂದು ಬಟ್ಟೆಯ ಗಂಟು ತಂದು ಸುಮಿತ್ರಳ ಕೈಗಿಟ್ಟಳು. "ಇದೊಂದು ಅಮ್ಮನ ದಿಂಬಿನ ಹತ್ರ ಇತ್ತು."

ಶೃಂಗೇರಿಯ ಬಸ್ ಸ್ಟ್ಯಾಂಡಿನಲ್ಲಿ ಕೂತು ಸುಮಿತ್ರ ಗಂಟು ಬಿಚ್ಚಿದಳು. ನೀಲಿ ಅಳತೆ ರವಿಕೆ. ದರ್ಜಿಯ ಅಭ್ಯಾಸ, ಮೊದಲು ಅದನ್ನು ಒಳಮಗ್ಗುಲಿಗೆ ತಿರುಗಿಸಿದಳು. ಬಣ್ಣ ಮಾಸಿದ ಹೊರಭಾಗಕ್ಕೂ ಮಾಸದೆ ಉಳಿದ ಒಳಬಟ್ಟೆಗೂ ನಡುವೆ ಸೂಜಿಯ ತೂತುಗಳ ಸಾಲುಗಳಿದ್ದವು. ಆ ದಿನ ಹಿಡಿದು ಹೊಲಿದಿದ್ದ ಸಾಲು. ಅದನ್ನು ಬಿಚ್ಚಿ ಅರ್ಧ ಬೆರಳು ಹೊರಗೆ ಹಾಕಿದ್ದು ಒಂದು. ಅದರಾಚೆ ಇನ್ನೊಂದು, ಮತ್ತೊಂದು. ಪ್ರತಿ ಸಲ ಸುಮಿತ್ರ ಹೋಗಿ ಬಂದ ಮೇಲೆ ಗಿರಿಜಕ್ಕ ಅದನ್ನು ಬಿಚ್ಚಿ, ಬೆರಳಿಗೆ ಸಿಕ್ಕ ಅಳತೆಗೆ ಸರಿಯಾಗಿ ಸಡಿಲ ಮಾಡಿಟ್ಟಿದ್ದಳು. ಕೊನೆಯ ಹೊಲಿಗೆ ಬಟ್ಟೆಯ ಅಂಚಿಗೇ ಬಂದು ನಿಂತಿತ್ತು.

ಸುಮಿತ್ರ ಆ ಸಾಲುಗಳ ಮೇಲೆ ಹೆಬ್ಬೆರಳು ಆಡಿಸಿದಳು. ನಮ್ಮ ಬಸ್ಸು ಬಂದು ನಿಂತಿತ್ತು. ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು, ಅವಳು ಒರೆಸಿಕೊಳ್ಳಲಿಲ್ಲ.

"ಒಳಗೆ ಬಿಟ್ಟಿದ್ದ ಬಟ್ಟೆ ಎಲ್ಲ ಮುಗೀತು ಅಕ್ಕ," ಎಂದಳು. "ಇನ್ನು ದಪ್ಪ ಆದ್ರೆ ನಾನೇ ಪಕ್ಕಕ್ಕೆ ಬೇರೆ ಪಟ್ಟಿ ಕೊಡಬೇಕು."