ಮುರಿದವನು ಅಂಬ್ರಪ್ಪ

ಬೆಳಗಿನ ಐದೂವರೆ. ಸುರಪುರ ತಾಲ್ಲೂಕಿನ ವಿತರಣಾ ಕಾಲುವೆಯೊಂದರ ಗೇಟಿನ ಕಟ್ಟೆಯ ಮೇಲೆ ಮೋನಮ್ಮ ಕಾಲು ಚಾಚಿ ಕುಳಿತಿದ್ದಾಳೆ. ಅವಳ ಕೈಯಲ್ಲಿ ಹಗ್ಗ. ಹಗ್ಗದ ಇನ್ನೊಂದು ತುದಿ ಕೆಂಪು ನೀರಿನೊಳಗೆ, ಗಂಡ ಅಂಬ್ರಪ್ಪನ ನಡುವಿಗೆ ಕಟ್ಟಿದೆ. ಒಂದು ಸಲ ಜಗ್ಗಿದರೆ ಸಡಿಲ ಬಿಡಬೇಕು, ಎರಡು ಸಲ ಜಗ್ಗಿದರೆ ಬಿಗಿ ಹಿಡಿಯಬೇಕು, ಮೂರು ಸಲ ಜಗ್ಗಿದರೆ ಹಿಂದೆಮುಂದೆ ನೋಡದೆ ಎಳೆಯಬೇಕು. ಇಪ್ಪತ್ತೆಂಟು ವರ್ಷದಿಂದ ಗಂಡ ಹೆಂಡಿರ ಬೆಳಗಿನ ಮಾತುಕತೆ ಇಷ್ಟೇ.

"ಮನ್ಯಾಗ ನನ್ನ ಮಾತು ಇಷ್ಟು ಕೇಳಿದ್ರ ನಾ ಇಷ್ಟೊತ್ತಿಗೆ ರಾಣಿ ಆಗ್ತಿದ್ದೆ" ಎಂದು ಮೋನಮ್ಮ ನಗುತ್ತಾಳೆ. ನಗುವಾಗಲೂ ಕಣ್ಣು ಹಗ್ಗದ ಮೇಲೇ ಇರುತ್ತದೆ.

ಅರ್ಧಕ್ಕೇ ಸಿಕ್ಕಿಬಿದ್ದ ಗೇಟು ಕೆಳಗಿಳಿಯುತ್ತಿಲ್ಲ. ಅಂಬ್ರಪ್ಪ ಮೂರನೆಯ ಮುಳುಗಿಗೆ ಒಂದು ಗೊಬ್ಬರದ ಚೀಲ, ಹರಿದ ಸೈಕಲ್ ಟೈರು, ಒಂದು ಹೊರೆ ಜಾಲಿಕಂಟಿ ಹೊತ್ತು ಮೇಲೆ ಬರುತ್ತಾನೆ. ಐವತ್ನಾಲ್ಕರ ಮೈ, ಬೆರಳ ಸಂದಿಯೆಲ್ಲ ಬೆಳ್ಳಗೆ ಬಿರಿದಿದೆ. ಎಡಗಿವಿ ಕೇಳಿಸುವುದಿಲ್ಲ, ಅದನ್ನು ನೀರು ಯಾವತ್ತೋ ತಿಂದಿದೆ. ಫೋಟೊ ತೆಗೆಯಲು ಬಂದವರನ್ನು ಕಂಡು ಟವೆಲಿನಿಂದ ಮುಖ ಮುಚ್ಚಿಕೊಳ್ಳುತ್ತಾನೆ.

"ನನ್ನ ಬಗ್ಗಿ ಏನು ಬರೀತೀರಿ? ಬರಿಬ್ಯಾಡ್ರಿ. ಬರೆಯಾಕ ಯೋಗ್ಯ ಮನಷ್ಯಾ ಅಲ್ರಿ ನಾ."

ಭಾನುವಾರದ ಪುರವಣಿಯ ಈ 'ಎಲೆಮರೆಯ ಕಾಯಿ' ಪುಟಕ್ಕೆ ಬರುವವರೆಲ್ಲ ಮೊದಲು ಹೀಗೇ ಅನ್ನುತ್ತಾರೆ. ಅದು ಸಂಕೋಚ, ಎರಡು ಲೋಟ ಚಹಾಕ್ಕೆ ಕರಗುತ್ತದೆ. ಅಂಬ್ರಪ್ಪನದು ಮಾತ್ರ ಸಂಕೋಚವಲ್ಲ, ನಾಚಿಕೆ. ಅದು ತಿಳಿಯಲು ಮಧ್ಯಾಹ್ನದವರೆಗೆ ಕಾಯಬೇಕಾಯಿತು.

ಅವನ ಅಪ್ಪ ಕೃಷ್ಣೆಯಲ್ಲಿ ಹರಿಗೋಲು ಹಾಕುತ್ತಿದ್ದವನು. ನಾರಾಯಣಪುರದಲ್ಲಿ ಅಣೆಕಟ್ಟು ಬಂತು, ಕಾಲುವೆ ಬಂತು, ಸೇತುವೆಯೂ ಬಂತು. ಹರಿಗೋಲು ಅಂಗಳದಲ್ಲಿ ಬೋರಲು ಬಿದ್ದು ಕೋಳಿಗೂಡಾಯಿತು. ಮಗ ಕಾಲುವೆಗೆ ದಿನಗೂಲಿಯಾಗಿ ಸೇರಿದ. ಮೀನಿನ ಮರಿಗೆ ಈಜು ಕಲಿಸಬೇಕೆ? ಗೇಟಿನ ಬಾಯಿಗೆ ಏನೇ ಸಿಕ್ಕಿಕೊಂಡರೂ "ಅಂಬ್ರಪ್ಪಗ ಕರೀರಿ" ಎಂಬುದು ರೂಢಿಯಾಯಿತು. ಗೇಟಿಗೆ ಸಿಕ್ಕುವುದು ಬರೀ ಕಂಟಿಯಲ್ಲ. ಈ ಇಪ್ಪತ್ತೆಂಟು ವರ್ಷಗಳಲ್ಲಿ ಅವನು ಮೂವತ್ತೊಂಬತ್ತು ಹೆಣ ಎತ್ತಿದ್ದಾನೆ, ಏಳು ಜನರನ್ನು ಜೀವಂತ ತಂದಿದ್ದಾನೆ. ಏಳರ ಹೆಸರೂ ಹೇಳುತ್ತಾನೆ. ಮೂವತ್ತೊಂಬತ್ತರ ಹೆಸರು ಕೇಳಿದರೆ ಹಗ್ಗದ ಗಂಟು ಬಿಚ್ಚತೊಡಗುತ್ತಾನೆ. ಕೆಲಸ ಇವತ್ತಿಗೂ ಕಾಯಂ ಆಗಿಲ್ಲ.

ಕಾಲುವೆಯಲ್ಲಿ ಕಣ್ಣು ಬಿಟ್ಟರೂ ಒಂದೇ, ಮುಚ್ಚಿದರೂ ಒಂದೇ. ಅಷ್ಟು ರಾಡಿ. ಎಲ್ಲ ಕೆಲಸ ಕೈ ಕಾಲಿನದು. ಅಪ್ಪ ಹೇಳಿಕೊಟ್ಟ ಸೂತ್ರ ಒಂದೇ, ಅಂಬ್ರಪ್ಪ ಅದನ್ನು ಮಂತ್ರದಂತೆ ಹೇಳುತ್ತಾನೆ: "ಮೊದಲ ಕಾಲು ಊರು, ಆಮ್ಯಾಲೆ ಕೈ ಹಾಕು. ಕಾಲಿಗೆ ನೆಲ ಸಿಕ್ಕಿಲ್ಲಂದ್ರ ನೀರು ನಿನ್ನ ಒಯ್ತದ." ಈ ಸೂತ್ರವೇ ಅವನನ್ನು ಇಷ್ಟು ವರ್ಷ ಉಳಿಸಿದೆ. ಅವನ ಮಾನ ಕಳೆದದ್ದೂ ಇದೇ ಸೂತ್ರ.

ಕಥೆ ಇಲ್ಲಿಂದ ಶಹಾಪುರಕ್ಕೆ ಹೋಗುತ್ತದೆ. ಅಲ್ಲಿ ಪಂಪಣ್ಣ ಎಂಬ ನಿವೃತ್ತ ಅಂಚೆಯಣ್ಣ ಇದ್ದಾರೆ. ಊರೂರಿಗೆ ಕಾಗದ ಹಂಚಿದ ಕಾಲು, ಮನೆಯಲ್ಲಿ ನಿಲ್ಲುವುದಿಲ್ಲ. ಬೆಳಿಗ್ಗೆ ಈಜಲು ಸೇರುವ ಎಂಟು ಹತ್ತು ಜನರನ್ನು ಕಟ್ಟಿಕೊಂಡು ಹೋದ ವರ್ಷ ಲಕ್ಷದ್ವೀಪಕ್ಕೆ ಹೊರಟರು. ಸಮುದ್ರದ ಮೇಲೆ ಬೋರಲು ತೇಲುತ್ತ, ಮುಖಕ್ಕೆ ಗಾಜಿನ ಮುಖವಾಡ, ಬಾಯಿಗೆ ಉಸಿರುಕೊಳವೆ ಹಾಕಿ ತಳದ ಹವಳದ ದಿಬ್ಬ ನೋಡುವ ಸ್ನಾರ್ಕ್ಲಿಂಗ್ ಅವರ ಆಸೆ. ನೀರಿಗೆ ಹೋಗುವಾಗ ಕಾವಲಿಗೊಬ್ಬ ಇರಲಿ ಎಂದು ಅಂಬ್ರಪ್ಪನನ್ನೂ ಎಬ್ಬಿಸಿಕೊಂಡು ಹೋದರು. ಹೊರಡುವ ದಿನ ಮೋನಮ್ಮ ಹೇಳಿದ್ದು ಒಂದೇ ಮಾತು: "ನಮ್ಮವ್ವನ ಸರದಾಗ ಕೆಂಪನ್ನ ಹವಳ ಇದ್ದವು. ಸಿಕ್ಕರ ಒಂದು ತರ್ರಿ."

ದ್ವೀಪದ ಮಾರ್ಗದರ್ಶಕ ನೀರಿಗಿಳಿಯುವ ಮುಂಚೆ ಎಲ್ಲರನ್ನೂ ದಂಡೆಯಲ್ಲಿ ಕೂರಿಸಿ ಅರ್ಧ ಗಂಟೆ ಹೇಳಿದ. ಇದು ಸಂರಕ್ಷಿತ ಜಾಗ, ಏನನ್ನೂ ಮುಟ್ಟಬಾರದು, ಹವಳದ ಮೇಲೆ ನಿಲ್ಲಬಾರದು, ಏನನ್ನೂ ಒಯ್ಯಬಾರದು. ಅಂಬ್ರಪ್ಪ ಅದನ್ನು ಕೇಳಲಿಲ್ಲ. ಅವನ ಭಾಷೆ ತಿಳಿಯಲಿಲ್ಲವೆಂದಲ್ಲ. ಅಷ್ಟು ಹಿಂದಿ ಸುರಪುರದ ಸಂತೆಯಲ್ಲಿ ಯಾರಿಗಾದರೂ ಬರುತ್ತದೆ.

"ಸೊಕ್ಕುರೀ" ಎನ್ನುತ್ತಾನೆ. "ನಿನ್ನೆ ಮೊನ್ನೆ ಮೀಸಿ ಬಂದ ಹುಡುಗ ನನಗೇನು ನೀರು ಕಲಿಸ್ತಾನ ಅಂತ ತೆಂಗಿನ ಗಿಡದ ಬುಡಕ್ಕ ಕುಂತು ತಂಬಾಕ ತಿಕ್ಕಾಕತ್ತಿದ್ದೆ."

ಆಮೇಲೆ ನೀರಿಗಿಳಿದ. ಮುಖವಾಡದೊಳಗಿಂದ ಕೆಳಗೆ ನೋಡಿದ. ಇಪ್ಪತ್ತೆಂಟು ವರ್ಷ ನೀರಲ್ಲೇ ಬದುಕಿದ ಮನುಷ್ಯ ಅವತ್ತು ಮೊದಲ ಸಲ ನೀರಿನೊಳಗೆ ಏನಿರುತ್ತದೆಂದು ಕಣ್ಣಾರೆ ಕಂಡ. ತನ್ನ ಕಾಲಬೆರಳು ಕಂಡವು. ಬೆರಳ ಸಂದಿಯಲ್ಲಿ ಅರಿಶಿನ ಬಣ್ಣದ ಮೀನು ಹಾದುಹೋಯಿತು. ತಳ ಇಲ್ಲೇ ಇದೆಯೆಂದು ಕಣ್ಣು ಹೇಳಿತು, ತಲೆ ಗಿರ್ರೆಂದಿತು, ಕಾಲು ಯಾರ ಮಾತೂ ಕೇಳದೆ ತನ್ನ ಹಳೇ ಚಾಳಿಯಂತೆ ನೆಲ ಊರಿತು. ಲಟಕ್ಕೆಂದು ಹವಳದ ಒಂದು ಕವಲು ಮುರಿಯಿತು. ಎರಡನೆಯ ಚಾಳಿ ತಾನಾಗಿ ಬಂತು: ಕಾಲ ಕೆಳಗೆ ಮುರಿದದ್ದನ್ನು ಕೈ ಎತ್ತಿಕೊಂಡು ಚಡ್ಡಿಯ ಕಿಸೆಗೆ ಇಳಿಬಿಟ್ಟಿತು.

ಮಾರ್ಗದರ್ಶಕ ತಿರುಗಿ ನೋಡಿದಾಗ ಆ ಜಾಗದಲ್ಲಿ ತೇಲುತ್ತಿದ್ದವರು ಖುರ್ಷೀದಬೇಗಂ, ಶಹಾಪುರದ ಪ್ರಾಥಮಿಕ ಶಾಲೆಯ ಶಿಕ್ಷಕಿ. ನಲವತ್ತು ದಾಟಿದ ಮೇಲೆ ತಮ್ಮನ ಹೊಲದ ಹೊಂಡದಲ್ಲಿ ಈಜು ಕಲಿತವರು, ಸಮುದ್ರ ಅದೇ ಮೊದಲು. ಅವನು ಅವರನ್ನು ದಂಡೆಗೆ ಕರೆದೊಯ್ದು ಎಲ್ಲರೆದುರು ಬೈದ. ಅಷ್ಟು ಬೆಳೆಯಲು ಅದಕ್ಕೆ ಎಷ್ಟು ವರ್ಷ ಹಿಡಿದಿತ್ತು ಗೊತ್ತೇ ಎಂದು ಕೇಳಿದ. ಗಡಿಬಿಡಿಯಲ್ಲಿ ತಮ್ಮ ಕಾಲೇ ತಗುಲಿರಬೇಕೆಂದು ಅವರೂ ನಂಬಿಬಿಟ್ಟರು. ಅತ್ತು, ಕೈ ಮುಗಿದು ತಪ್ಪಾಯಿತೆಂದರು. ಆಮೇಲೆ ಎರಡು ದಿನ ನೀರಿಗಿಳಿಯಲಿಲ್ಲ.

ಅಂಬ್ರಪ್ಪ ಪಕ್ಕದಲ್ಲೇ ನಿಂತಿದ್ದ. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡಂತೆ ಇವನ ಕೈ ಕಿಸೆಗೆ ಹೋಯಿತು, ಬಾಯಿ ಮಾತ್ರ ತೆರೆಯಲಿಲ್ಲ. ಹೆಣ ಹುಡುಕಲು ಮೂವತ್ತೊಂಬತ್ತು ಸಲ ಕತ್ತಲ ನೀರಿಗೆ ಬಿದ್ದ ಧೈರ್ಯಕ್ಕೆ ಒಂದು ವಾಕ್ಯ ಹೇಳಲಾಗಲಿಲ್ಲ.

"ನನ್ನ ಮ್ಯಾಲೆ ನಂಬಿಕಿ ಇಟ್ಟು ಕರಕೊಂಡು ಹೋಗಿದ್ರು. ಕಾವಲಿದ್ದಾಂವನೇ ಬೇಲಿ ಮುರದ್ರ ಏನಂತ ಹೇಳಬೇಕ್ರಿ?" ಎಂದು ನೆಲ ನೋಡುತ್ತಾನೆ.

ತುಂಡನ್ನು ಟವೆಲಿನಲ್ಲಿ ಸುತ್ತಿ ಮನೆಗೆ ತಂದ. ಮೋನಮ್ಮ ಬಿಚ್ಚಿ ನೋಡಿದಳು. ಕೆಂಪು ಎಲ್ಲಿದೆ? ಕಂದು ಬಣ್ಣದ ಜಾಲಿಕೊಂಬೆಯಂಥದ್ದು. "ಇದ್ಯಾವ ಕಲ್ಲುರೀ?" ಎಂದು ಕೇಳಿ, ಆದರೂ ಗಂಡ ಅಷ್ಟು ದೂರದಿಂದ ತಂದದ್ದೆಂದು ದೇವರ ಜಗಲಿಯ ಮೇಲಿಟ್ಟಳು. ಮಾರನೆಯ ದಿನ ಮನೆಯಲ್ಲಿ ವಾಸನೆ. ಇಲಿ ಸತ್ತಿದೆಯೆಂದು ಮೂಲೆ ಮೂಲೆ ಹುಡುಕಿದಳು. ಅಂಬ್ರಪ್ಪ ಹುಡುಕಲಿಲ್ಲ, ಅವನಿಗೆ ಮೊದಲ ಉಸಿರಿಗೇ ತಿಳಿಯಿತು.

"ಕಲ್ಲು ನಾರ್ತದೇನ್ರಿ?" ಅವನ ದನಿ ಇಳಿಯುತ್ತದೆ. "ಕಲ್ಲಂತ ತಿಳದಿದ್ದೆ. ನಮ್ಮ ಸುರಪುರದ ಗುಡ್ಡದ ತುಂಬ ಕಲ್ಲೇ ಅದಾವ, ಯಾವ ಕಲ್ಲು ಸತ್ತು ನಾರೇದ? ಹೆಣದ ವಾಸನಿ ನನಗ ಗುರುತಿಲ್ಲೇನ್ರಿ? ಇಷ್ಟು ವರ್ಷ ಸತ್ತವರ್ನ ನೀರಿಂದ ಎತ್ತೀನಿ. ಜೀವ ಇದ್ದದ್ದನ್ನ ಎತ್ತಿ ತಂದು ಸಾಯಿಸಿದ್ದು ಇದೊಂದೇ."

ವಾಸನೆ ಹೋಗಿ, ತುಂಡು ಸುಣ್ಣದಂತೆ ಬೆಳ್ಳಗಾಯಿತು. ಈಗ ಅದು ಒಂದು ಸ್ಟೀಲ್ ಡಬ್ಬಿಯಲ್ಲಿದೆ. ಮೋನಮ್ಮ ಅದನ್ನು ಕಾಲುವೆಗೆ ಒಗೆಯಲು ಹೋದರೆ ಇವನು ಬಿಡಲಿಲ್ಲ.

ಪಂಪಣ್ಣನವರು ಈ ಚಳಿಗಾಲಕ್ಕೆ ಮತ್ತೆ ಪ್ರವಾಸ ಹೂಡಿದ್ದಾರೆ. ಅವರ ನೋಟುಪುಸ್ತಕದಲ್ಲಿ ಎಲ್ಲ ಇದೆ: ಯಾದಗಿರಿ ಸ್ಟೇಷನ್ನಿನಲ್ಲಿ ಕನ್ಯಾಕುಮಾರಿ ರೈಲು, ಕೊಚ್ಚಿಯಿಂದ ಹಡಗು, ಪ್ರವೇಶದ ಪರವಾನಗಿ, ಪೊಲೀಸ್ ಠಾಣೆಯ ದಾಖಲೆ. ಮೈಗೆ ಬಿಸಿಲು ತಡೆಯುವ ಕ್ರೀಮು ಬೇಡ, ಅದು ಹವಳಕ್ಕೆ ಕೇಡು, ತುಂಬುತೋಳಿನ ಅಂಗಿಯೇ ಸಾಕು. ಪಟ್ಟಿಯಲ್ಲಿ ಒಂದು ಹೆಸರಿಗೆ ಅವರು ಗೀಟು ಎಳೆದಿದ್ದಾರೆ. ಖುರ್ಷೀದಬೇಗಂ ಬರುವುದಿಲ್ಲವಂತೆ. "ನಾನು ಒಮ್ಮೆ ಮುರದೀನಿ, ಸಾಕು" ಎಂದು ಮುಖವಾಡವನ್ನೂ ವಾಪಸು ಕಳಿಸಿದ್ದಾರೆ.

ತಾಲೀಮಿನ ಜವಾಬ್ದಾರಿ ಅಂಬ್ರಪ್ಪನದು. ಅದಕ್ಕೆ ಅವನೇ ಒಂದು ಉಪಾಯ ಹುಡುಕಿದ್ದಾನೆ. ಟೀಚರ್ ಅವರ ತಮ್ಮ ಶರೀಫಸಾಬನ ಹೊಲದ ಹೊಂಡದ ತಳದಲ್ಲಿ ಇಟ್ಟಿಗೆ ಜೋಡಿಸಿ, ಇಟ್ಟಿಗೆಗೆ ಒಣಗಿದ ಜೋಳದ ದಂಟು ಕಟ್ಟಿ ನಿಲ್ಲಿಸಿದ್ದಾನೆ. ದಂಟಿನ ತುದಿಗೂ ನೀರಿನ ಮೇಲ್ಮೈಗೂ ಒಂದು ಮೊಳ ಅಂತರ. ಅದರ ಮೇಲೆ ಕೈಕಟ್ಟಿ ತೇಲಿ ಆಚೆ ದಡ ಸೇರಬೇಕು. ದಂಟು ಅಲುಗಿದರೆ ವಾಪಸು, ಮುರಿದರೆ ಆ ದಿನ ಮನೆಗೆ. ತನ್ನ ಸರದಿ ಬಂದಾಗ ಅಂಬ್ರಪ್ಪ ಎರಡೂ ಕಾಲನ್ನು ಟವೆಲಿನಿಂದ ಕಟ್ಟಿಕೊಳ್ಳುತ್ತಾನೆ. ಕಾಲಿನ ಮೇಲೆ ಅವನಿಗೆ ಇನ್ನೂ ನಂಬಿಕೆ ಬಂದಿಲ್ಲ.

ಇವತ್ತು ಮಧ್ಯಾಹ್ನ ತಾಲೀಮು ಮುಗಿಯುವ ಹೊತ್ತಿಗೆ ಖುರ್ಷೀದಬೇಗಂ ಎಲ್ಲರಿಗೂ ಚಹಾ ತರುತ್ತಾರೆ. ಅಂಬ್ರಪ್ಪ ಚಹಾ ಮುಟ್ಟುವುದಿಲ್ಲ. ಒದ್ದೆ ಮೈಯಲ್ಲೇ ಎದ್ದು ಹೋಗಿ, ದಡದ ಮೇಲಿನ ತನ್ನ ಚೀಲದಿಂದ ಡಬ್ಬಿ ತಂದು, ಅವರ ಮುಂದೆ ಮುಚ್ಚಳ ತೆಗೆಯುತ್ತಾನೆ.

"ಟೀಚರಮ್ಮಾ, ಇದು ನಿಮ್ಮ ಕಾಲಿಗೆ ಮುರದದ್ದಲ್ರಿ. ನನ್ನ ಕಾಲಿಗೆ ಮುರದದ. ನಾನೇ ಕಿಸೇದಾಗ ಹಾಕ್ಕೊಂಡೆ. ನಿಮಗ ಬೈಯಾಕತ್ತಾಗ ಸುಮ್ಮ ನಿಂತೆ."

ಟೀಚರ್ ಬಿಳಿ ತುಂಡನ್ನು ಬಾಗಿ ನೋಡುತ್ತಾರೆ, ಮುಟ್ಟುವುದಿಲ್ಲ.

"ಒಂದು ವರ್ಷ ನನ್ನ ಕಾಲಿಗೆ ನಾನೇ ಬೈಕೊಂಡೀನಿ, ಅಂಬ್ರಪ್ಪಣ್ಣ" ಎನ್ನುತ್ತಾರೆ. "ಸಾಲ್ಯಾಗ ಮಕ್ಕಳಿಗಿ ಸಮುದ್ರದ ಪಾಠ ಬಂದಾಗ ಹವಳದ ಪುಟ ತಿರುವಿ ಮುಂದ ಹೋದೆ. ಯಾವ ಮುಖ ಇಟಗೊಂಡು ಹೇಳಲಿ ಅಂತ. ಅದನ್ನ ಯಾರು ವಾಪಸ ಕೊಡ್ತಾರ?"

ಅಂಬ್ರಪ್ಪ ತಲೆ ತಗ್ಗಿಸಿ ನಿಲ್ಲುತ್ತಾನೆ. ಅವರು ಕ್ಷಮಿಸಿದೆನೆಂದು ಹೇಳುವುದಿಲ್ಲ. ಪಂಪಣ್ಣನವರ ಕಡೆ ಕೈ ಚಾಚಿ ಮುಖವಾಡ ಕೇಳುತ್ತಾರೆ, ಉಟ್ಟ ಸಲ್ವಾರಿನಲ್ಲೇ ಹೊಂಡಕ್ಕಿಳಿದು ಬೋರಲು ತೇಲುತ್ತಾರೆ. ಈ ದಡದಿಂದ ಆ ದಡ. ಒಂದು ದಂಟೂ ಅಲುಗುವುದಿಲ್ಲ. ಮೇಲೆ ಬಂದು ದುಪಟ್ಟಾ ಹಿಂಡುತ್ತ, ಅಂಬ್ರಪ್ಪನ ಮುಖ ನೋಡದೆ, "ನನ್ನ ಹೆಸರು ಮತ್ತ ಬರ್ಕೋರಿ, ಪಂಪಣ್ಣಾರೆ" ಎನ್ನುತ್ತಾರೆ.

ಅಂಬ್ರಪ್ಪನೂ ಹೋಗುತ್ತಾನೆ. ಡಬ್ಬಿಯನ್ನು ಆ ಮಾರ್ಗದರ್ಶಕನ ಕೈಗೇ ಕೊಟ್ಟು ನಿಜ ಹೇಳುವುದಿದೆ, ಅವನು ಬೈದರೆ ಎಲ್ಲರೆದುರು ಬೈಸಿಕೊಳ್ಳುವುದಿದೆ, ಕಾನೂನಿನ ಮಾತು ಬಂದರೆ ಅದನ್ನೂ ಅನುಭವಿಸುವುದಿದೆ. ನೀರಿಗಿಳಿಯಲು ಬಿಡದಿದ್ದರೆ ದೋಣಿಯಲ್ಲಿ ಕೂತು ಉಳಿದವರನ್ನು ಕಾಯುತ್ತಾನಂತೆ.

ಸಂಜೆ ಅವನ ಮನೆಯಿಂದ ಹೊರಡುವಾಗ, ಈ ಪುಟದಲ್ಲಿ ಎಲ್ಲರಿಗೂ ಕೇಳುವ ಪ್ರಶ್ನೆಯನ್ನು ಅವನಿಗೂ ಕೇಳಲಾಯಿತು. ಏನಾದರೂ ಆಸೆ ಇದೆಯೇ? ಕಾಯಂ ಕೆಲಸ ಎನ್ನಬಹುದೆಂದು ಪೆನ್ನು ಸಿದ್ಧವಿತ್ತು. ಮೋನಮ್ಮನೂ ಅದನ್ನೇ ಕಾಯುತ್ತಿದ್ದಳು.

"ಎಲಿಮರಿ ಕಾಯಿ ಅಂತ ಬರೀತೀರಂತಲ್ರಿ" ಎಂದ ಅಂಬ್ರಪ್ಪ. "ನಾ ಎಲಿ ಮರ್ಯಾಗ ಕುಂತೆ, ಟೀಚರಮ್ಮ ಬಿಸಲಾಗ ನಿಂತ್ರು. ಹೆಣದ ಲೆಕ್ಕ ಎಲ್ಲ ಸಣ್ಣದಾಗಿ ಹಾಕ್ರಿ. ಮ್ಯಾಲೆ ದಪ್ಪ ಅಕ್ಷರದಾಗ, ಮುರಿದವನು ಅಂಬ್ರಪ್ಪ ಅಂತ ಹಾಕ್ರಿ."