ಹೆಸರು ಗೊತ್ತಿಲ್ಲದವರ ಎಡೆ

ಹಲ್ಲುಜ್ಜುವಾಗ ಇವರಿಗೆ ಏದುಸಿರು ಬಂತು.

ಶ್ವಾಸಕೋಶದ ಕಸಿ ಮುಗಿಸಿ ಶಿರಾಲಿಯ ಮನೆಗೆ ಬಂದು ಕೆಲವೇ ವಾರಗಳಾಗಿದ್ದವು. ನನ್ನ ಗಂಡ ಬಸ್ ಕಂಡಕ್ಟರ್. ಹೊನ್ನಾವರದಿಂದ ಭಟ್ಕಳದವರೆಗೆ ಊರುಗಳ ಹೆಸರು ಕೂಗುತ್ತಲೇ ಬದುಕಿದವರು. ಕಾಯಿಲೆ ಮೊದಲು ಕಿತ್ತುಕೊಂಡಿದ್ದು ಆ ಕೂಗನ್ನೇ. ಕಸಿಯಾದ ಮೇಲೆ ಒಂದು ಬೆಳಿಗ್ಗೆ ಅಂಗಳದಿಂದ "ಚಾ ಆತಾ?" ಎಂದು ಕೇಳಿದಾಗ ನಾನು ಒಲೆಯ ಮುಂದೆ ನಿಂತು ಅತ್ತಿದ್ದೆ. ಈಗ ಮತ್ತೆ ಒಂದು ಮಾತು ಮುಗಿಸಲು ಎರಡು ಸಲ ನಿಲ್ಲುತ್ತಿದ್ದರು, ತುಟಿ ನೀಲಿಗಟ್ಟುತ್ತಿತ್ತು.

ರಿಜೆಕ್ಷನ್.

ಹೊಸ ಶ್ವಾಸಕೋಶವನ್ನು ಮೈ ಒಪ್ಪದೆ ತಳ್ಳಿಬಿಡುವುದು. ಆ ಪದ ಬಾಯಿಗೆ ತರಲು ಇಬ್ಬರಿಗೂ ಧೈರ್ಯವಿರಲಿಲ್ಲ.

ಅತ್ತೆಗೆ ಮಾತ್ರ ಕಾರಣ ಗೊತ್ತಿತ್ತು. ಮಹಾಲಯದಲ್ಲಿ ಸತ್ತ ಹಿರಿಯರಿಗೆಲ್ಲ ಎಲೆ ಹಾಕಿ ಎಡೆ ಇಟ್ಟಿದ್ದೆವು. ಶ್ವಾಸಕೋಶ ಕೊಟ್ಟು ಹೋದವರಿಗೆ ಇಟ್ಟಿರಲಿಲ್ಲ.

"ಅನ್ನ ಕಾಣದ ಜೀವ ಸುಮ್ನೆ ಕೂತ್ಕಂತದಾ? ಅದ್ಕೆ ಬೇಜಾರಾಗಿದೆ," ಎಂದರು.

"ಯಾರು ಅಂತ್ಲೇ ಆಸ್ಪತ್ರೆಯವ್ರು ಹೇಳೂದಿಲ್ಲ ಅತ್ತೆ, ಯಾರ ಹೆಸ್ರಲ್ಲಿ ಇಡೂದು?" ಎಂದು ರೇಗಿದೆ. ಆದರೆ ತಪಾಸಣೆಗೆಂದು ಬೆಂಗಳೂರಿನ ಆಸ್ಪತ್ರೆಗೆ ಹೊರಟ ರೈಲಿನಲ್ಲಿ ಅದೇ ಮಾತು ಕೊರೆಯಿತು. ಪಕ್ಕದಲ್ಲಿದ್ದ ಇವರ ಎದೆಯ ಮೇಲೆ ಕೈಯಿಟ್ಟು, ಬೇಜಾರು ಮಾಡ್ಕಬೇಡಿ ಎಂದು ಆ ಕಾಣದವರನ್ನು ಮೆಲ್ಲಗೆ ಬೇಡಿಕೊಂಡೆ.

"ಯಾರ ಹತ್ರ ಮಾತಾಡ್ತೆ?" ಎಂದು ಇವರು ನಕ್ಕರು. ನಕ್ಕಿದ್ದಕ್ಕೂ ಏದುಸಿರು.

ಎಕ್ಸ್‌ರೇ ಚೆನ್ನಾಗಿತ್ತು. ಬಯಾಪ್ಸಿಯಲ್ಲೂ ರಿಜೆಕ್ಷನ್ ಇರಲಿಲ್ಲ. ಮತ್ತೇಕೆ ಆಕ್ಸಿಜನ್ ಇಳಿಯುತ್ತಿದೆ? ರಕ್ತನಾಳಗಳನ್ನು ತೋರಿಸುವ ಸಿಟಿ ಆಂಜಿಯೋ ಮಾಡಿದ ಮೇಲೆ ಡಾಕ್ಟರಮ್ಮ ಪರದೆಯ ಮೇಲೆ ತೋರಿಸಿದರು.

"ಶ್ವಾಸಕೋಶದ ತಪ್ಪೇನಿಲ್ಲ. ಅದಕ್ಕೆ ರಕ್ತ ಒಯ್ಯುವ ನಾಳವನ್ನು ಹೊಲಿದು ಜೋಡಿಸಿದ ಜಾಗ ಕಿರಿದಾಗಿದೆ. ಬಲೂನಿನಿಂದ ಅಗಲಿಸಿ ಸ್ಟೆಂಟ್ ಹಾಕ್ತೇವೆ."

ನಾನು ರವಿಕೆ ಹೊಲಿಯುವವಳು. ತೋಳು ಕೂಡಿಸಿದಲ್ಲಿ ಬಿಗಿಯಾದರೆ ಕೈ ತೂರುವುದಿಲ್ಲ, ಅಷ್ಟೇ ತಾನೇ ಅಂದುಕೊಂಡೆ. ಭಯ ಹೋಗಲಿಲ್ಲ, ಆದರೆ ಕೂತು ಎರಡು ಇಡ್ಲಿ ತಿನ್ನುವಷ್ಟು ಸಮಾಧಾನವಾಯಿತು.

ತೊಡೆಸಂದಿಯ ನಾಳದ ಮೂಲಕ ಸ್ಟೆಂಟ್ ಒಯ್ದು ಕೂರಿಸಿದರು. ಹೊರಗೆ ಕರೆತಂದಾಗ ಮೊದಲು ಇವರ ತುಟಿ ನೋಡಿದೆ.

ನೀಲಿ ಇರಲಿಲ್ಲ.

ಊರಿಗೆ ಬಂದಾಗ ಅತ್ತೆ ಎಲ್ಲವನ್ನೂ ಕೇಳಿಸಿಕೊಂಡರು. "ಹಂಗಾರೆ ಆ ಜೀವದ್ದು ತಪ್ಪೇ ಇಲ್ಲ ಅಂತಾತು. ಸುಮ್ನೆ ದೂರಿದ್ದು ನಾವು. ಈಗಂತೂ ಎಡೆ ಇಡ್ಲೇಬೇಕು."

ಮುಂದಿನ ಮಹಾಲಯದವರೆಗೆ ಕಾಯಲು ಅವರು ತಯಾರಿರಲಿಲ್ಲ. ಅಮಾವಾಸ್ಯೆ ಬಂತು, ಸಾಕು. ಬಂಗುಡೆ ಸಾರು ಮಾಡಿದರು. ಬಡಿಸುವಾಗ ಇವರು ಕೇಳಿದರು, "ಅವ್ರು ಮೀನು ತಿನ್ನದೇ ಇದ್ರೆ ಎಂತ ಮಾಡೂದು?"

ಅತ್ತೆಯ ಸೌಟು ಅಲ್ಲೇ ನಿಂತಿತು. ಒಳಗೆ ಹೋಗಿ ಸೌತೆಕಾಯಿ ಹುಳಿಗೆ ಇಟ್ಟರು. ಕಡೆಗೆ ಎರಡು ಎಲೆ ಬಡಿಸಿದೆವು.

ಸೋಂಕು ತಗಲೀತು, ಹಕ್ಕಿಗಳ ಹತ್ತಿರ ಸುಳಿಯಬಾರದೆಂದು ಇವರಿಗೆ ಡಾಕ್ಟರಮ್ಮನ ಕಟ್ಟಪ್ಪಣೆ. ಹಾಗಾಗಿ ತೆಂಗಿನ ಬುಡದಲ್ಲಿ ಎಲೆ ಇಟ್ಟು, ಉಂಡು ಹೋಗಿ ಎಂದು ಕೈಮುಗಿದು ಬಂದವಳು ನಾನು. ಇನ್ನೂ ಮಾತ್ರೆಗಳಿವೆ, ತಪಾಸಣೆಗಳಿವೆ, ನಾಳ ಮತ್ತೆ ಕಿರಿದಾಗಲಾರದೆಂದು ಯಾರೂ ಮಾತು ಕೊಟ್ಟಿಲ್ಲ. ಆದರೂ ಆ ಎರಡು ಎಲೆ ನೋಡಿ ನನ್ನ ಎದೆ ಹಗುರಾಯಿತು.

ಕಾಗೆ ಮಾತ್ರ ಬರಲಿಲ್ಲ.

ಆಗ ಇವರು ಕಿಟಕಿಯ ಒಳಗಿಂದ, ಮಾಸ್ಕಿನೊಳಗಿಂದಲೇ ಕೂಗಿದರು. "ಕಾ... ಕಾ... ಕಾ..." ಹಿಂದಿನ ಸೀಟಿನವರಿಗೂ ಕೇಳುವ ಆ ಹಳೆಯ ಕಂಡಕ್ಟರ್ ದನಿ. ನಡುವೆ ಎಲ್ಲೂ ನಿಲ್ಲಲಿಲ್ಲ.

"ಸಾಕೋ ಮಾರಾಯ, ಕಾಗೆ ಹೆದ್ರಿ ಕುಮಟೆಗೆ ಓಡ್ತದೆ," ಎಂದರು ಅತ್ತೆ.

ನಾನು ಸಾಕೆನ್ನಲಿಲ್ಲ.